ಸೂಜಿ ಚುಚ್ಚುವವರು ಯಾರು ಅಂತ ಮೊದಲು ಕೇಳಿ

ಪ್ರಶ್ನೆ: ಡಾಕ್ಟ್ರೇ, ನಾನು ಹೈಸ್ಕೂಲ್ ಟೀಚರ್. ವಯಸ್ಸು 48. ಇನ್ನೆರಡು ತಿಂಗಳಿಗೆ ಮಗನ ಮದುವೆ. ಹುಬ್ಬುಗಳ ಮಧ್ಯದ ಗೆರೆ, ಮೂಗಿನ ಪಕ್ಕದಿಂದ ಬಾಯಿವರೆಗೆ ಇಳಿದಿರುವ ಗೆರೆ ಎರಡೂ ಎದ್ದು ಕಾಣುತ್ತವೆ. ನಾದಿನಿಯ ಮಗಳು ಹೋಗುವ ಬ್ಯೂಟಿ ಪಾರ್ಲರ್‌ಗೆ ತಿಂಗಳಿಗೊಮ್ಮೆ ಹೊರಗಿನಿಂದ ಕಾಸ್ಮೆಟಾಲಜಿಸ್ಟ್ ಒಬ್ಬರು ಬರುತ್ತಾರಂತೆ. ಬೊಟಾಕ್ಸ್, ಫಿಲ್ಲರ್ ಎರಡೂ ಸೇರಿ 9,000 ರೂಪಾಯಿ. ನಮ್ಮೂರಿನ ಚರ್ಮದ ಡಾಕ್ಟರ್ ಹೇಳಿದ್ದು ಅದರ ಮೂರರಷ್ಟು. ಎಲ್ಲಿ ಮಾಡಿಸಲಿ? ಈ ವಯಸ್ಸಿಗೆ ಇದೆಲ್ಲ ಯಾಕೆ ಅಂತ ಮಾತ್ರ ಬೈಯಬೇಡಿ.
— ಹೆಸರು ಬೇಡ, ಶಿವಮೊಗ್ಗ

ಉತ್ತರ: ಬೈಯುವ ಮಾತೇ ಇಲ್ಲ ಮೇಡಂ. ಮಗನ ಮದುವೆಯಲ್ಲಿ ಚೆನ್ನಾಗಿ ಕಾಣಬೇಕು ಅಂತ ಯಾವ ತಾಯಿಗೆ ಅನ್ನಿಸುವುದಿಲ್ಲ? ಆದರೆ ಆ ಪಾರ್ಲರ್‌ಗೆ ದಯವಿಟ್ಟು ಹೋಗಬೇಡಿ.

ನೀವು ಕೇಳಿರುವುದು ಎರಡು ಬೇರೆ ಬೇರೆ ಚಿಕಿತ್ಸೆ. ಹುಬ್ಬಿನ ಮಧ್ಯದ ಗೆರೆಗೆ ಬೊಟಾಕ್ಸ್. ಅದು ಸ್ನಾಯುವಿಗೆ ನರದಿಂದ ಬರುವ ಸಂದೇಶವನ್ನು ತಡೆಯುತ್ತದೆ, ಸ್ನಾಯು ಸಡಿಲವಾಗುತ್ತದೆ. ಮೂರು ನಾಲ್ಕು ತಿಂಗಳಲ್ಲಿ ಪರಿಣಾಮ ತಾನಾಗಿಯೇ ಇಳಿಯುತ್ತದೆ. ಮೂಗಿನ ಪಕ್ಕದ ಗೆರೆಗೆ ಫಿಲ್ಲರ್. ಅದು ಚರ್ಮದ ಕೆಳಗೆ ತುಂಬುವ ಜೆಲ್, ಹೆಚ್ಚಾಗಿ ಹೈಲುರಾನಿಕ್ ಆಸಿಡ್‌ನದು. ಬೊಟಾಕ್ಸ್ ತಪ್ಪು ಜಾಗಕ್ಕೆ ಹೋದರೆ ಕಣ್ಣಿನ ರೆಪ್ಪೆ ಜೋತು ಬೀಳಬಹುದು. ಕೆಲವು ವಾರ ಬೇಜಾರಾಗುತ್ತದೆ, ಆಮೇಲೆ ಸರಿಯಾಗುತ್ತದೆ. ನನಗೆ ಜಾಸ್ತಿ ಹೆದರಿಕೆ ಇರುವುದು ಫಿಲ್ಲರ್ ಬಗ್ಗೆ.

ಮೂಗಿನ ಪಕ್ಕದಲ್ಲೇ ಮುಖದ ಮುಖ್ಯ ರಕ್ತನಾಳ ಹಾದುಹೋಗುತ್ತದೆ. ಜೆಲ್ ಅದರೊಳಗೆ ಹೋದರೆ ಆ ಭಾಗದ ಚರ್ಮಕ್ಕೆ ರಕ್ತ ಹರಿಯುವುದೇ ನಿಂತುಬಿಡುತ್ತದೆ. ಮುಖದ ನಾಳಗಳಿಗೂ ಕಣ್ಣಿನ ನಾಳಗಳಿಗೂ ಸಂಪರ್ಕ ಇರುವುದರಿಂದ ದೃಷ್ಟಿಯೇ ಹೋದ ಉದಾಹರಣೆಗಳಿವೆ. ಇದು ಅಪರೂಪ, ನಿಜ. ನುರಿತ ಡಾಕ್ಟರ ಕೈಯಲ್ಲೂ ಆಗಬಹುದು. ವ್ಯತ್ಯಾಸ ಇರುವುದು ಆಮೇಲಿನ ಗಂಟೆಗಳಲ್ಲಿ. ಹೈಲುರಾನಿಕ್ ಆಸಿಡ್ ಜೆಲ್ ಅನ್ನು ಕರಗಿಸುವ ಔಷಧಿ ಇದೆ, ಅದರ ಹೆಸರು ಹೈಲುರಾನಿಡೇಸ್. ತಕ್ಷಣ ಗುರುತಿಸಿ ಅದನ್ನು ಕೊಟ್ಟರೆ ಚರ್ಮ ಬಹಳ ಸಲ ಉಳಿಯುತ್ತದೆ.

ಕಳೆದ ವರ್ಷ ನನ್ನ ಹತ್ತಿರ ಒಬ್ಬ ಹೆಣ್ಣುಮಗಳು ಬಂದಿದ್ದಳು. ಬೇರೆ ಕಡೆ ಫಿಲ್ಲರ್ ಹಾಕಿಸಿಕೊಂಡಿದ್ದಳು. ಅವತ್ತು ರಾತ್ರಿಯೇ ವಿಪರೀತ ನೋವು. ಮೂಗಿನ ಬದಿ ಮೊದಲು ಬಿಳಿಚಿಕೊಂಡು, ಬೆಳಗ್ಗೆ ಬಲೆ ಹಾಸಿದ ಹಾಗೆ ನೀಲಿಗಟ್ಟಿತ್ತು. ಹಾಕಿಸಿಕೊಂಡ ಕಡೆಗೆ ಫೋನ್ ಮಾಡಿದರೆ "ಐಸ್ ಇಡಿ, ಹೋಗುತ್ತೆ" ಅಂದರಂತೆ. ಚುಚ್ಚಿದವರು ಆಗಲೇ ಊರು ಬಿಟ್ಟಿದ್ದರು. ಮೂರನೇ ದಿನ ನನ್ನ ಮುಂದೆ ಬಂದು ಕೂತಾಗ ಚರ್ಮದಲ್ಲಿ ಸಣ್ಣ ಹುಣ್ಣು ಶುರುವಾಗಿತ್ತು. ಕರಗಿಸುವ ಔಷಧಿ ಕೊಟ್ಟೆ, ಬಹುಪಾಲು ಉಳಿಯಿತು. ಆದರೂ ಮೂಗಿನ ಹೊಳ್ಳೆಯ ಪಕ್ಕ ಒಂದು ಕಲೆ ನಿಂತುಬಿಟ್ಟಿದೆ. ಮೊದಲ ರಾತ್ರಿಯೇ ಬಂದಿದ್ದರೆ ಅದೂ ಇರುತ್ತಿರಲಿಲ್ಲವೇನೋ. ಅವಳಿಗೆ ಯಾರೂ ಅದು ಅಪಾಯದ ಲಕ್ಷಣ ಅಂತ ಹೇಳಿರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ತಿಂಗಳಿಗೊಮ್ಮೆ ಬಂದು ಹೋಗುವವರ ಹತ್ತಿರ ಫಿಲ್ಲರ್ ಬೇಡವೇ ಬೇಡ, ಅವರು ಎಷ್ಟೇ ಓದಿರಲಿ. ನೀವು ಹೋಗುವ ಡಾಕ್ಟರನ್ನು ಎದುರಿಗೇ ಕೇಳಿ: "ಹೈಲುರಾನಿಡೇಸ್ ನಿಮ್ಮ ಕ್ಲಿನಿಕ್‌ನಲ್ಲಿ ಈಗ ಇದೆಯಾ? ರಾತ್ರಿ ನೋವು ಬಂದರೆ ಯಾರಿಗೆ ಫೋನ್ ಮಾಡಲಿ?" ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ. ನನ್ನನ್ನು ಕೇಳಿದರೆ ಫ್ರಿಜ್ ಬಾಗಿಲು ತೆಗೆದು ತೋರಿಸುತ್ತೇನೆ.

ಇನ್ನು ಓದಿನ ವಿಷಯ. ಕಾಸ್ಮೆಟಾಲಜಿಸ್ಟ್ ಅನ್ನುವುದು ವೈದ್ಯಕೀಯ ಪದವಿಯ ಹೆಸರಲ್ಲ. ಕೆಲವೇ ದಿನಗಳ ಕೋರ್ಸ್ ಮುಗಿಸಿದವರೂ ಹಾಗೆ ಬರೆದುಕೊಳ್ಳುತ್ತಾರೆ. ನೀವು ನೋಡಬೇಕಾದದ್ದು ಚರ್ಮರೋಗದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ, ಇಲ್ಲವೇ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಜೊತೆಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ. ಕ್ಲಿನಿಕ್‌ಗೂ ಕೆಪಿಎಂಇ ಕಾಯ್ದೆಯ (ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳಿಗೆ ಇರುವ ಕರ್ನಾಟಕದ ಕಾಯ್ದೆ) ಕೆಳಗೆ ನೋಂದಣಿ ಆಗಿರಬೇಕು, ಆ ಪ್ರಮಾಣಪತ್ರ ಕಣ್ಣಿಗೆ ಕಾಣುವ ಕಡೆ ಇರಬೇಕು. ಇನ್ನೊಂದು ಮಾತು. ಬೋರ್ಡ್ ಮೇಲೆ ದೊಡ್ಡ ಡಾಕ್ಟರ ಹೆಸರಿದ್ದು, ಒಳಗೆ ಸೂಜಿ ಹಿಡಿಯುವವರು ಬೇರೆಯವರಾಗಿರಬಹುದು. ನನಗೆ ಚುಚ್ಚುವವರು ನೀವೇನಾ ಅಂತ ಕೇಳಿಯೇ ಕುರ್ಚಿ ಮೇಲೆ ಕೂರಿ.

ದುಡ್ಡಿನ ವ್ಯತ್ಯಾಸ ಯಾಕೆ ಅಂದಿರಿ. ಒಳ್ಳೆಯ ಕಂಪನಿಯ 1 ಎಂ.ಎಲ್. ಫಿಲ್ಲರ್ ಸಿರಿಂಜ್ ಒಂದಕ್ಕೇ ಸಾಮಾನ್ಯವಾಗಿ 9,000ಕ್ಕಿಂತ ಜಾಸ್ತಿ ಆಗುತ್ತದೆ. ಹಾಗಿದ್ದಾಗ ಎರಡೂ ಸೇರಿ ಆ ಬೆಲೆಗೆ ಅಂದರೆ ಒಳಗೆ ಏನಿದೆ ಅನ್ನುವ ಅನುಮಾನ ಬರಲೇಬೇಕು. ಬೊಟಾಕ್ಸ್ ಪುಡಿ ರೂಪದಲ್ಲಿ ಬರುತ್ತದೆ, ಸಲೈನ್ ಸೇರಿಸಿ ಕರಗಿಸುತ್ತಾರೆ. ಜಾಸ್ತಿ ನೀರು ಮಾಡಿ ಒಂದೇ ಬಾಟಲಿಯನ್ನು ತುಂಬಾ ಜನಕ್ಕೆ ಹಂಚುವುದು ಸುಲಭ. ಅದಕ್ಕೇ ಎಷ್ಟು ಯೂನಿಟ್, ಯಾವ ಬ್ರಾಂಡ್ ಅಂತ ಕೇಳಿ ಬಿಲ್‌ನಲ್ಲಿ ಬರೆಸಿಕೊಳ್ಳಿ. ಹುಬ್ಬಿನ ಮಧ್ಯಕ್ಕೆ ಬೊಟಾಕ್ಸ್ ಬ್ರಾಂಡ್ ಆದರೆ ಸಾಮಾನ್ಯವಾಗಿ 20 ಯೂನಿಟ್. ಬೇರೆ ಬ್ರಾಂಡ್‌ನಲ್ಲಿ ಯೂನಿಟ್ ಲೆಕ್ಕವೇ ಬೇರೆ. ಫಿಲ್ಲರ್ ಪ್ಯಾಕೆಟ್ ನಿಮ್ಮ ಎದುರಿಗೇ ಒಡೆಯಲಿ, ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ನಿಮ್ಮ ಫೈಲ್‌ಗೆ ಅಂಟಿಸಲಿ. ನಕಲಿ ಮಾಲು ನಮ್ಮಲ್ಲಿ ಮಾತ್ರ ಅಲ್ಲ. 2024ರಲ್ಲಿ ಅಮೆರಿಕದ 11 ರಾಜ್ಯಗಳಲ್ಲಿ 22 ಜನ ನಕಲಿ ಬೊಟಾಕ್ಸ್ ಅಥವಾ ತರಬೇತಿ ಇಲ್ಲದವರು ಕೊಟ್ಟ ಇಂಜೆಕ್ಷನ್‌ನಿಂದ ತೊಂದರೆಗೆ ಸಿಕ್ಕಿದರು. ಮನೆ, ಸ್ಪಾಗಳಲ್ಲಿ ಹಾಕಿಸಿಕೊಂಡವರೂ ಅವರಲ್ಲಿದ್ದರು.

ನಿಮಗೆ ಎರಡು ತಿಂಗಳಿದೆ, ಒಳ್ಳೆಯದಾಯಿತು. ಮಾಡಿಸುವುದಾದರೆ ಮದುವೆಗೆ ಕನಿಷ್ಠ ಒಂದು ತಿಂಗಳ ಮುಂಚೆ ಮಾಡಿಸಿ. ಬೊಟಾಕ್ಸ್ ಪೂರ್ತಿ ಕೆಲಸ ಮಾಡಲು ಎರಡು ವಾರ ಬೇಕು, ಫಿಲ್ಲರ್‌ನ ಊತ, ಕಂದುಗಟ್ಟಿದ್ದು ಇಳಿಯಲೂ ಸಮಯ ಬೇಕು. ಬಿ.ಪಿ., ಸಕ್ಕರೆ, ರಕ್ತ ತೆಳುವಾಗಿಸುವ ಮಾತ್ರೆ ಏನೇ ತೆಗೆದುಕೊಳ್ಳುತ್ತಿದ್ದರೂ ಮುಚ್ಚಿಡದೆ ಹೇಳಿ. ಆದರೆ ಹೃದಯದ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ದುಡ್ಡು ಹೊಂದದಿದ್ದರೆ ಈ ಸಲ ಬೊಟಾಕ್ಸ್ ಒಂದೇ ಸಾಕು. ಫಿಲ್ಲರ್ ಬಿಡಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ 'ಹೈಲುರಾನ್ ಪೆನ್' ಸಿಗುತ್ತಿದೆ. ಸೂಜಿಯೇ ಇಲ್ಲ ಅಂದ ಮೇಲೆ ಮನೆಯಲ್ಲೇ ತುಟಿಗೆ ಹಾಕಿಕೊಳ್ಳಬಹುದಲ್ವಾ?
— ಬಿ.ಕಾಂ. ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಬೇಡಮ್ಮ. ಅದು ಒತ್ತಡದಿಂದ ಜೆಲ್ ಅನ್ನು ಒಳಗೆ ನುಗ್ಗಿಸುತ್ತದೆ. ಎಷ್ಟು ಆಳಕ್ಕೆ ಹೋಗುತ್ತದೆ ಅನ್ನುವುದು ನಿನ್ನ ಹಿಡಿತದಲ್ಲಿ ಇರುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಅಕ್ಟೋಬರ್‌ನಲ್ಲೇ ಇಂಥ ಪೆನ್ ಬಳಸಬೇಡಿ ಅಂತ ಎಚ್ಚರಿಸಿದೆ. ಈಗಾಗಲೇ ಹಾಕಿಕೊಂಡಿದ್ದು, ತುಟಿ ಬಿಳಿಚಿದ್ದರೆ, ನೋವು ಏರುತ್ತಿದ್ದರೆ ಅಥವಾ ಕಣ್ಣು ಮಂಜಾದರೆ ಅಮ್ಮನಿಗೆ ಹೇಳಲು ಹೆದರಿ ಕೂರಬೇಡ. ತಕ್ಷಣ ಚರ್ಮದ ಡಾಕ್ಟರ್ ಇರುವ ಆಸ್ಪತ್ರೆಗೆ ಹೋಗು, ಬಂದ ಪ್ಯಾಕೆಟ್ ಅನ್ನೂ ತೆಗೆದುಕೊಂಡು ಹೋಗು.