ಓದುಗರ ಪ್ರಶ್ನೆ: ನೀರಲ್ಲೇ ನಿಂತ ತೊಗರಿ ಬಾಡುವುದೇಕೆ?

ಪ್ರಶ್ನೆ: ನಮ್ಮದು ಎರೆ ಹೊಲ. ಮಳೆ ಹಿಡಿದು ಸಾಲಿನಲ್ಲಿ ನೀರು ನಿಂತಿತ್ತು. ಬಿಸಿಲು ಬಿದ್ದೊಡನೆ ತೊಗರಿ ಜೋತುಬಿತ್ತು. ಬೇರು ನೀರಲ್ಲೇ ಇದ್ದರೂ ಬಾಡುವುದೇಕೆ? ಯೂರಿಯಾ ಹಾಕಲೇ?
– ಓದುಗರು, ಆಳಂದ

ಉತ್ತರ: ಈಗ ಮಣ್ಣಿಗೆ ಯೂರಿಯಾ ಹಾಕಬೇಡಿ. ಕೊರತೆಯಾಗಿರುವುದು ಗೊಬ್ಬರದ್ದಲ್ಲ, ಆಮ್ಲಜನಕದ್ದು.

ಬಿಸಿಲಿನ ಶಕ್ತಿ ಹಿಡಿದು ಸಕ್ಕರೆ ಕಟ್ಟುವುದು ಎಲೆ. ಮೇಲಿಂದ ಇಳಿದು ಬಂದ ಆ ಸಕ್ಕರೆಯನ್ನು ಒಡೆದೇ ಬೇರು ಬದುಕಬೇಕು. ಒಡೆದಾಗ ಸಿಗುವ ಶಕ್ತಿ ಎಟಿಪಿ ಎಂಬ ಅಣುವಿಗೆ ಸೇರುತ್ತದೆ; ಜೀವಕೋಶದ ಹೆಚ್ಚಿನ ಕೆಲಸಗಳಿಗೆ ಖರ್ಚಾಗುವುದು ಅದೇ. ಆಮ್ಲಜನಕವಿದ್ದರೆ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ ಹುಟ್ಟುತ್ತವೆ. ಇಲ್ಲದಿದ್ದರೆ ಮೈಟೋಕಾಂಡ್ರಿಯಾದ (ಜೀವಕೋಶದೊಳಗೆ ಹೆಚ್ಚಿನ ಎಟಿಪಿ ತಯಾರಾಗುವ ಭಾಗ) ಕೆಲಸ ನಿಂತು, ಕೈಗೆ ಬರುವುದು ಬರೀ 2. ಮಿಕ್ಕ ಶಕ್ತಿಯೆಲ್ಲ ಆಲ್ಕೋಹಾಲ್, ಲ್ಯಾಕ್ಟಿಕ್ ಆಮ್ಲಗಳಲ್ಲೇ ಉಳಿದುಬಿಡುತ್ತದೆ.

ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಎರೆ ಮಣ್ಣಿನ ಸಂದುಗಳಲ್ಲಿ ನೀರು ತುಂಬಿದರೆ ಬೇರಿಗೆ ಉಸಿರು ಕಟ್ಟುತ್ತದೆ. ಎಟಿಪಿ ಕಡಿಮೆಯಾಗಿ ಕೋಶರಸ ಹುಳಿಯಾಗುತ್ತದೆ, ಹುಳಿಯಾದೊಡನೆ ಬೇರಿನ ಕೋಶಗಳ ನೀರಿನ ಕಂಡಿಗಳು ಮುಚ್ಚಿಕೊಳ್ಳುತ್ತವೆ. ಸುತ್ತ ನೀರಿದ್ದೂ ಎಲೆಗೆ ನೀರೇರುವುದಿಲ್ಲ. ಬಾಡಿದೆಯೆಂದು ಮತ್ತೆ ನೀರು ಹಾಯಿಸಿದರೆ ಗಿಡ ಪೂರ್ತಿ ಹೋಗುತ್ತದೆ.

ತೊಗರಿಗೆ ಇನ್ನೊಂದು ಹೊರೆಯೂ ಇದೆ. ಬೇರುಗಂಟಿನ ಬ್ಯಾಕ್ಟೀರಿಯಾ ಗಾಳಿಯ ಒಂದು ಸಾರಜನಕ ಅಣುವನ್ನು ಒಡೆಯಲು ಕನಿಷ್ಠ 16 ಎಟಿಪಿ ಬೇಕು. ಒಂದು ಗಿಡವನ್ನು ಬುಡಸಮೇತ ಅಗೆದು ಗಂಟನ್ನು ಉಗುರಿನಿಂದ ಸೀಳಿ ನೋಡಿ: ಒಳಗೆ ಗುಲಾಬಿ ಬಣ್ಣವಿದ್ದರೆ ಕೆಲಸ ನಡೆದಿದೆ, ಹಸಿರು ಅಥವಾ ಕಂದು ತಿರುಗಿದ್ದರೆ ನಿಂತಿದೆ.

ಮೊದಲು ಕಾಲುವೆ ಕಡಿದು ನೀರು ಹೊರಹಾಕಿ. ನೆಲ ಹದಕ್ಕೆ ಬಂದ ಮೇಲೆ ಎಡೆ ಹೊಡೆಯಿರಿ, ಮಣ್ಣಿಗೆ ಗಾಳಿಯಾಡಲಿ. ಗಿಡ ಚೇತರಿಸಿಕೊಂಡ ಮೇಲೆ ಲೀಟರ್ ನೀರಿಗೆ 20 ಗ್ರಾಂ ಯೂರಿಯಾ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಬಹುದು. ಸೊರಗಿದ ಬೇರು ಗೊಬ್ಬರ ಹೀರುವುದಿಲ್ಲ, ನೀರು ನಿಂತ ಮಣ್ಣಿನಲ್ಲಿ ಸಾರಜನಕ ಅನಿಲವಾಗಿ ಹಾರಿಯೂ ಹೋಗುತ್ತದೆ. ಎಲೆಗೆ ಕೊಡುವುದು ಅದಕ್ಕೇ. ಮುಂದಿನ ಹಂಗಾಮಿಗೆ ಏರುಮಡಿ ಮಾಡಿ ಬಿತ್ತುವುದು ನಮ್ಮ ಗಟ್ಟಿ ಸಲಹೆ.

ಪ್ರಶ್ನೆ: ಚೀಲದಲ್ಲಿ ತುಂಬಿಟ್ಟ ಜೋಳ ಬಿಸಿಯಾಗಿದೆ. ಯಾಕೆ?
– ಓದುಗರು, ಭಾಲ್ಕಿ

ಉತ್ತರ: ಕಾಳು ಜೀವಂತ, ಉಸಿರಾಡುತ್ತದೆ. ಹಸಿ ಇದ್ದಷ್ಟೂ ಉಸಿರಾಟ ಜೋರು. ಒಡೆದ ಸಕ್ಕರೆಯ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಶಾಖವಾಗಿ ಹೋಗುತ್ತದೆ. ಜೊತೆಗೆ 180 ಗ್ರಾಂ ಗ್ಲೂಕೋಸ್ ಪೂರ್ತಿ ಉರಿದರೆ 108 ಗ್ರಾಂ ನೀರು ಹುಟ್ಟುತ್ತದೆ; ಅದರಿಂದ ಕಾಳು ಇನ್ನಷ್ಟು ಹಸಿಯಾಗಿ ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ಉಸಿರೂ ಸೇರಿ ಬಿಸಿ ಏರುತ್ತದೆ. ಇಂದೇ ಚೀಲ ಬಿಚ್ಚಿ ಹರಡಿ. ತೇವಾಂಶ ಶೇ. 12ಕ್ಕೆ ಇಳಿಯುವವರೆಗೆ ಒಣಗಿಸಿ, ಆರಿದ ಮೇಲೆಯೇ ತುಂಬಿ. ಬೂಷ್ಟು ವಾಸನೆ ಬಂದ ಕಾಳನ್ನು ರೊಟ್ಟಿಗೂ ದನಕ್ಕೂ ಕೊಡಬೇಡಿ.

ಹಗೇವಿನಲ್ಲಿ (ಕಾಳು ತುಂಬಿಡುವ ನೆಲದೊಳಗಿನ ಗುಂಡಿ) ಕಾಳು ಕೆಡದಿದ್ದುದು ಇದೇ ಉಸಿರಾಟದಿಂದ: ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ತೀರಿ ಹುಳು ಸಾಯುತ್ತಿದ್ದವು. ಅದೇ ಗಾಳಿ ಮನುಷ್ಯರನ್ನೂ ಕೊಂದಿದೆ. ಹಳೆಯ ಹಗೇವು ತೆರೆದರೆ ಚೆನ್ನಾಗಿ ಗಾಳಿಯಾಡಲು ಬಿಡಿ, ಯಾರೂ ಒಬ್ಬರೇ ಇಳಿಯಬೇಡಿ. ಇಳಿಬಿಟ್ಟ ದೀಪ ಆರಿದರೆ ಇಳಿಯಲೇಬೇಡಿ. ಉರಿದರೂ ಅದನ್ನೊಂದೇ ನಂಬಬೇಡಿ.

ಪ್ರಶ್ನೆ: ಎಟಿಪಿ ಗುಳಿಗೆ ನುಂಗಿದರೆ ಶಕ್ತಿ ಬರುತ್ತದೆಯೇ?
– ಓದುಗರು, ಶಹಾಪುರ

ಉತ್ತರ: ಇಲ್ಲ. ಕರುಳಿನಲ್ಲೇ ಅದು ಒಡೆದುಹೋಗುತ್ತದೆ. ಮೈಯಲ್ಲಿ ಒಂದು ಹೊತ್ತಿಗೆ ಇರುವ ಎಟಿಪಿ ಸುಮಾರು 50 ಗ್ರಾಂ ಅಷ್ಟೆ. ಅದೇ ಮತ್ತೆ ಮತ್ತೆ ಖರ್ಚಾಗಿ, ತುಂಬಿ, ದಿನಕ್ಕೆ ನಮ್ಮ ತೂಕದಷ್ಟು ತಿರುಗುತ್ತದೆ. ದಾಸ್ತಾನು ಇರುವುದು ಬೇರೆಡೆ: ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಗ್ಲೈಕೋಜನ್ (ಗ್ಲೂಕೋಸ್ ಅಣುಗಳನ್ನು ಜೋಡಿಸಿ ಕೂಡಿಟ್ಟ ರೂಪ), ಉಳಿದದ್ದು ಕೊಬ್ಬು. ಎಟಿಪಿಯನ್ನು 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್, ಅಮೆರಿಕದಲ್ಲಿ ಸೈರಸ್ ಫಿಸ್ಕೆ ಮತ್ತು ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಬೇರೆ ಬೇರೆಯಾಗಿ ಕಂಡುಹಿಡಿದರು. ದಣಿವು ವಾರಗಟ್ಟಲೆ ಇದ್ದರೆ ಗುಳಿಗೆಗೆ ದುಡ್ಡು ಸುರಿಯದೆ ರಕ್ತದ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಅದು ಕಡಿಮೆಯಾದರೆ ಸ್ನಾಯುವಿಗೂ ಆಮ್ಲಜನಕ ಸಾಲುವುದಿಲ್ಲ.