ಇಳಿಜಾರಿನ ಟ್ರೈಲರ್‌ಗೆ ಯಾವ ಬ್ರೇಕ್?

ಪ್ರಶ್ನೆ: ಎರಡು ಆಕ್ಸಲ್‌ನ ಟ್ರೈಲರ್‌ನಲ್ಲಿ 50 ಕಿಲೊದ 100 ಚೀಲ ಚೆರಿ ಕಾಫಿ ತುಂಬಿ ತೋಟದಿಂದ ಕುಶಾಲನಗರದ ಕಡೆ ಇಳಿಸುತ್ತೇವೆ. ಟ್ರೈಲರ್‌ಗೆ ಬ್ರೇಕ್ ಇಲ್ಲ. ಓವರ್‌ರನ್ ಸಾಕು ಎಂದು ಒಂದು ಗ್ಯಾರೇಜಿನವರು, ಹೈಡ್ರಾಲಿಕ್ ಎಂದು ಇನ್ನೊಬ್ಬರು, ಏರ್ ಬ್ರೇಕ್ ಎಂದು ಮತ್ತೊಬ್ಬರು ಹೇಳುತ್ತಾರೆ. ಯಾವುದು ಹಾಕಿಸಲಿ?
– ಓದುಗರು, ಮಡಿಕೇರಿ ತಾಲ್ಲೂಕು

ಉತ್ತರ: ಸರಕು 5 ಟನ್, ಖಾಲಿ ಟ್ರೈಲರ್ ಒಂದೂವರೆ ಟನ್ ಎಂದಿಟ್ಟುಕೊಂಡರೆ ಒಟ್ಟು 6.5 ಟನ್. ಹತ್ತಡಿಗೆ ಒಂದಡಿ ಇಳಿಯುವ ರಸ್ತೆಯಲ್ಲಿ ಇದು ಎರಡು ಟನ್ ಆಸುಪಾಸಿನ ಟ್ರ್ಯಾಕ್ಟರನ್ನು ಸುಮಾರು 650 ಕಿಲೊ ಬಲದಿಂದ ಹಿಂದಿನಿಂದ ನೂಕುತ್ತದೆ. ಟ್ರ್ಯಾಕ್ಟರ್‌ನ ಬ್ರೇಕೊಂದನ್ನೇ ನಂಬಿ ಹಸಿ ರಸ್ತೆಯಲ್ಲಿ ಇಳಿದರೆ ಹಿಂಚಕ್ರ ಜಾರಿ ಟ್ರೈಲರ್ ಅಡ್ಡ ಮಡಚಿಕೊಳ್ಳುತ್ತದೆ.

ಓವರ್‌ರನ್ ಬೇಡ. ಟ್ರೈಲರ್ ಮುಂದಕ್ಕೆ ನೂಕಿದಾಗ ಕೊಕ್ಕೆಯ ಬಳಿಯ ದಂಡ ಒಳಸರಿದು ಬ್ರೇಕ್ ಎಳೆಯುವ ವ್ಯವಸ್ಥೆ ಅದು. ಇಳಿಜಾರು ಇರುವಷ್ಟು ದೂರವೂ ನೂಕುತ್ತಲೇ ಇರುವುದರಿಂದ ಲೈನರ್ (ಬ್ರೇಕ್ ಶೂ ಮೇಲಿನ ಉಜ್ಜುಪಟ್ಟಿ) ಚಕ್ರದ ಡ್ರಮ್ಮಿಗೆ ಉಜ್ಜಿ ಕಾಯುತ್ತಲೇ ಇರುತ್ತದೆ. ಇನ್ನೂ ಕೆಟ್ಟದ್ದೆಂದರೆ, ಟ್ರ್ಯಾಕ್ಟರ್ ಚಕ್ರ ಜಾರಿದ ಗಳಿಗೆಯಲ್ಲಿ ನೂಕಲು ಎದುರಾಸರೆಯೇ ಇರುವುದಿಲ್ಲ. ಬೇಕಾದಾಗಲೇ ಬ್ರೇಕ್ ಸಡಿಲ. ಕಣಕ್ಕೆ ರಿವರ್ಸ್‌ನಲ್ಲಿ ಏರಿಸುವಾಗ ಬ್ರೇಕ್ ಹಿಡಿಯದಂತೆ ಪಿನ್ ಹಾಕಿ, ತೆಗೆಯಲು ಮರೆತವರು ಬ್ರೇಕ್ ಇಲ್ಲದೆ ರಸ್ತೆಗೆ ಬರುತ್ತಾರೆ. ಯುರೋಪಿನ ನಿಯಮ ಕಾರು–ಲಾರಿಗಳ ಟ್ರೈಲರ್‌ಗೆ ಇದನ್ನು 3.5 ಟನ್‌ಗೇ ನಿಲ್ಲಿಸಿದೆ.

ಉಳಿದ ಎರಡರಲ್ಲಿ ಆಯ್ಕೆ ಮಾಡುವಾಗ ಒಂದೇ ಪ್ರಶ್ನೆ ಕೇಳಿ: ಪೈಪ್ ಕಿತ್ತುಹೋದರೆ ಏನಾಗುತ್ತದೆ? ಒಂಟಿ ಪೈಪಿನ ಹೈಡ್ರಾಲಿಕ್‌ನಲ್ಲಿ ಎಣ್ಣೆ ಸೋರಿ ಬ್ರೇಕ್ ಹೋಯಿತು. ಎರಡು ಪೈಪಿನ ಏರ್ ಬ್ರೇಕ್‌ನಲ್ಲಿ ಸಪ್ಲೈ ಪೈಪಿನ (ಟ್ರೈಲರ್ ಟ್ಯಾಂಕಿಗೆ ಗಾಳಿ ತುಂಬುವ ಪೈಪಿನ) ಗಾಳಿ ಹೋದೊಡನೆ ಟ್ರೈಲರ್ ತಾನಾಗಿ ಬ್ರೇಕ್ ಹಿಡಿದು ನಿಲ್ಲುತ್ತದೆ. ಹಾಗಾಗಿ ನಿಮ್ಮ ದಾರಿಗೆ ಏರ್ ಬ್ರೇಕೇ ಸರಿ. ಎಂಜಿನ್‌ಗೆ ಕಂಪ್ರೆಸರ್ ಕೂರಿಸಬೇಕು, ಖರ್ಚು ಜಾಸ್ತಿ, ನಿಜ. ಮೀಟರಿನಲ್ಲಿ 7 ಬಾರ್ ತೋರಿಸುವ ತನಕ ಹೊರಡಬೇಡಿ. ಟ್ಯಾಂಕಿನಲ್ಲಿ ಕೂಡುವ ನೀರನ್ನು ಕೆಳಗಿನ ವಾಲ್ವ್‌ನಿಂದ ದಿನಾ ಹೊರಬಿಡಿ. ನಮ್ಮ ಜೂನ್–ಜುಲೈ ತೇವದಲ್ಲಿ ಇದನ್ನು ಬಿಟ್ಟರೆ ವಾಲ್ವ್‌ಗಳು ತುಕ್ಕು ಹಿಡಿಯುತ್ತವೆ.

ಟ್ರ್ಯಾಕ್ಟರ್‌ನಲ್ಲಿ ಕಂಪ್ರೆಸರ್‌ಗೆ ಜಾಗವೇ ಇಲ್ಲದಿದ್ದರೆ ಹೈಡ್ರಾಲಿಕ್ ಹಾಕಿಸಿ. ಆದರೆ ಕಾಲಿನ ಪೆಡಲ್‌ಗೆ ಹೊಂದಿಕೊಂಡ ಟ್ರೈಲರ್ ಬ್ರೇಕ್ ವಾಲ್ವ್ ಮತ್ತು ಕೊಕ್ಕೆ ಕಳಚಿದರೆ ಬ್ರೇಕ್ ಹಾಕುವ ಅಕ್ಯುಮುಲೇಟರ್ (ಒತ್ತಡದ ಎಣ್ಣೆ ಕೂಡಿಡುವ ಸಿಲಿಂಡರ್) ಎರಡೂ ಇರಲೇಬೇಕು. ಟ್ರೈಲರ್ ಎತ್ತಿ ಸರಕು ಸುರಿಯುವ ಟಿಪ್ಪಿಂಗ್ ಲೀವರಿನ ಪೈಪನ್ನೇ ಬ್ರೇಕಿಗೆ ಜೋಡಿಸಿಕೊಡುವವರಿದ್ದಾರೆ. ಅಲ್ಲಿ 150 ಬಾರ್‌ಗೂ ಮೇಲಿನ ಒತ್ತಡ ಒಮ್ಮೆಲೇ ನುಗ್ಗಿ ಚಕ್ರ ಲಾಕ್ ಆಗುತ್ತದೆ, ಇಲ್ಲವೇ ಸೀಲ್ ಒಡೆಯುತ್ತದೆ.

ಯಾವುದೇ ಆದರೂ ನಾಲ್ಕೂ ಚಕ್ರಕ್ಕೆ ಬ್ರೇಕ್ ಇರಲಿ. 6.5 ಟನ್ ಭಾರ 100 ಮೀಟರ್ ಎತ್ತರ ಇಳಿದು ಆ ಶಕ್ತಿಯೆಲ್ಲ 20 ಕಿಲೊದ ನಾಲ್ಕು ಡ್ರಮ್ಮಿಗೇ ಹೋದರೆ ಬಿಸಿ ಸುಮಾರು 170 ಡಿಗ್ರಿ ಏರುತ್ತದೆ. ಎರಡೇ ಡ್ರಮ್ ಆದರೆ 350. ಡ್ರಮ್ ಕಾದು ಹಿಗ್ಗಿದಂತೆ ಲೈನರ್ ದೂರವಾಗಿ, ಗಾಳಿಯ ಒತ್ತಡದಿಂದ ಬ್ರೇಕ್ ನೂಕುವ ಚೇಂಬರಿನ ರಾಡ್ ಹೆಚ್ಚು ಹೊರಬರಬೇಕಾಗುತ್ತದೆ. ಅಡ್ಜಸ್ಟ್‌ಮೆಂಟ್ ಮೊದಲೇ ಸಡಿಲವಿದ್ದರೆ ರಾಡ್ ಕೊನೆ ಮುಟ್ಟಿ ಬ್ರೇಕ್ ಸಿಗುವುದಿಲ್ಲ. ಅದಕ್ಕೇ ಡ್ರಮ್ ತಣ್ಣಗಿದ್ದಾಗ ಅಡ್ಜಸ್ಟ್ ಮಾಡಿಸಿ, ಇಳಿಜಾರಿಗೆ ಮುಂಚೆಯೇ ಕೆಳಗಿನ ಗೇರ್ ಹಾಕಿ ಎಂಜಿನ್‌ನಿಂದಲೂ ತಡೆಯಿರಿ. ನ್ಯೂಟ್ರಲ್ ಮಾತೇ ಬೇಡ. ಟ್ರ್ಯಾಕ್ಟರ್‌ನ ಎಡ–ಬಲ ಬ್ರೇಕ್ ಪೆಡಲ್‌ಗಳನ್ನು ಪಟ್ಟಿಯಿಂದ ಜೋಡಿಸಿಯೇ ರಸ್ತೆಗಿಳಿಯಿರಿ. ಟ್ರೈಲರ್ ಬ್ರೇಕ್ ಟ್ರ್ಯಾಕ್ಟರ್‌ನದಕ್ಕಿಂತ ಕೂದಲೆಳೆ ಮೊದಲು ಹಿಡಿಯುವಂತೆ ಹೊಂದಿಸಲು ಮೆಕ್ಯಾನಿಕ್‌ಗೆ ಹೇಳಿ.

ಪ್ರಶ್ನೆ: ಟ್ರೈಲರ್ ಬ್ರೇಕ್ ಹಾಕಿದಾಗ ಒಂದೇ ಕಡೆಗೆ ಎಳೆಯುತ್ತದೆ. ಏಕೆ?
– ಓದುಗರು, ವಿರಾಜಪೇಟೆ

ಉತ್ತರ: ಬ್ರೇಕ್ ಹಾಕುತ್ತ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಡ್ರಮ್ಮಿನ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಬಿಸಿಯಾಗದ ಡ್ರಮ್ ಕೆಲಸ ಮಾಡುತ್ತಿಲ್ಲ. ಬಿಚ್ಚಿದಾಗ ಲೈನರ್ ಮೇಲೆ ಗ್ರೀಸ್ ಕಂಡರೆ ಹಬ್‌ನ ಸೀಲ್ ಹೋಗಿದೆ. ಪೆಟ್ರೋಲ್‌ನಲ್ಲಿ ತೊಳೆದು ಮತ್ತೆ ಹಾಕುವುದು ದುಡ್ಡು ಉಳಿಸಿದಂತಲ್ಲ, ಒಳಗೆ ಹೀರಿದ ಗ್ರೀಸ್ ಕಾದಾಗ ಮತ್ತೆ ಹೊರಬರುತ್ತದೆ. ಸೀಲ್ ಬದಲಿಸಿ, ಆ ಆಕ್ಸಲ್‌ನ ಎರಡೂ ಬದಿಗೆ ಹೊಸ ಲೈನರ್ ಹಾಕಿಸಿ.