ಐರ್ಲೆಂಡಿನಲ್ಲಿ ಕತ್ತರಿಸಿದ ಸಂಬಳ ವಾಪಸ್ ಬಂತಾ?

ನರ್ಸ್ ಕೆಲಸಕ್ಕೆ ಡಬ್ಲಿನ್‌ಗೆ ಹೊರಟಿದ್ದೀರಿ, 2010ರಲ್ಲಿ ಅಲ್ಲಿನ ಸರ್ಕಾರಿ ನೌಕರರಿಗೆ ಕತ್ತರಿಸಿದ ಸಂಬಳ ವಾಪಸ್ ಬಂತಾ ಅಂತ ಕೇಳಿದ್ದೀರಿ. ಮೂಲ ಸಂಬಳ ಬಂತು, ಆದರೆ ತುಂಬಾ ನಿಧಾನವಾಗಿ. ಆಗ ಮೊದಲ 30,000 ಯೂರೋಗೆ ಶೇ. 5, ಮುಂದಿನ 40,000ಕ್ಕೆ ಶೇ. 7.5 ಕತ್ತರಿಸಿದ್ದರು. ವಾಪಸ್ ಕೊಡಲು ಶುರು ಮಾಡಿದ್ದು 2015ರಲ್ಲಿ ಸರ್ಕಾರ ಮತ್ತು ಯೂನಿಯನ್‌ಗಳ ನಡುವೆ ಆದ ಲ್ಯಾನ್ಸ್‌ಡೌನ್ ರೋಡ್ ಒಪ್ಪಂದದ ಮೇಲೆ. ನಡುವಿನ ವರ್ಷಗಳಲ್ಲಿ ಹೋದ ದುಡ್ಡು ಹೋದ ಹಾಗೇ.

2009ರಲ್ಲಿ ಶುರುವಾದ ಪಿಂಚಣಿ ಲೆವಿ, ಅಂದರೆ ಪಿಂಚಣಿ ಹೆಸರಲ್ಲಿ ಸರ್ಕಾರಿ ನೌಕರರ ಸಂಬಳದಿಂದ ಹಿಡಿಯುವ ದುಡ್ಡು, ಮಾತ್ರ ಪೂರ್ತಿ ಹೋಗಲಿಲ್ಲ. 2019ರಿಂದ ಪೇ ಸ್ಲಿಪ್‌ನಲ್ಲಿ ಅದರ ಹೆಸರು ‘ಎಎಸ್‌ಸಿ’ (ಅಡಿಷನಲ್ ಸೂಪರ್‌ಆನ್ಯುಯೇಷನ್ ಕಾಂಟ್ರಿಬ್ಯೂಷನ್, ಅಂದರೆ ಹೆಚ್ಚುವರಿ ಪಿಂಚಣಿ ವಂತಿಗೆ). ಗಾಬರಿ ಬೇಡ, ಹೊಸಬರಿಗೆ ಅದು ಹಳಬರಿಗಿಂತ ಕಡಿಮೆ.

ನನಗೆ ಜಾಸ್ತಿ ಸಂಕಟ ಆಗಿದ್ದು 2011ರಲ್ಲಿ ಹೊಸದಾಗಿ ಸೇರಿದವರ ವಿಷಯಕ್ಕೆ. ಅದೇ ವಾರ್ಡು, ಅದೇ ನೈಟ್ ಶಿಫ್ಟು, ಆರಂಭದ ಸಂಬಳ ಮಾತ್ರ ಶೇ. 10 ಕಡಿಮೆ. ಅನ್ಯಾಯ ಅಲ್ವಾ? ಸೇರಿದ ತಕ್ಷಣ ಯೂನಿಯನ್ ಸದಸ್ಯರಾಗಿ.